ನಾವು ಸೈರನ್ ಎತ್ತಿಕೊಂಡ ವರ್ಷ

ಕಳೆದ ತಿಂಗಳು ಚಿಕ್ಕಪ್ಪನ ಮಗಳ ನಿಶ್ಚಿತಾರ್ಥಕ್ಕೆ ದಾವಣಗೆರೆಗೆ ಹೋಗಿದ್ದೆ. ಎಸ್.ಎಸ್. ಬಡಾವಣೆಯಲ್ಲಿ ಒಂದು ಕಲ್ಯಾಣ ಮಂಟಪ. ಗಂಡಿನ ಕಡೆಯವರು ಇನ್ನೂ ಬಂದಿರಲಿಲ್ಲ. ಅಡುಗೆಮನೆಯಿಂದ ಒಗ್ಗರಣೆಯ ವಾಸನೆ ಬರುತ್ತಿತ್ತು. ಹೆಂಗಸರು ಸೀರೆಯ ನೆರಿಗೆ ಸರಿಮಾಡಿಕೊಳ್ಳುತ್ತ ಒಬ್ಬರ ಒಡವೆಯನ್ನು ಒಬ್ಬರು ಕಣ್ಣಲ್ಲೇ ತೂಗುತ್ತಿದ್ದರು. ವೇದಿಕೆಯ ಮೇಲೆ ಮೈಕಿನವನು ವೈರು ಎಳೆಯುತ್ತಿದ್ದ. ಮೈಕಿನವರು ಅಂದರೆ ಗೊತ್ತಲ್ಲ, 'ಹಲೋ ಹಲೋ, ಚೆಕ್ ಚೆಕ್' ಎಂದು ಕಿವಿ ಹರಿಯುವ ಹಾಗೆ ಒದರದೆ ಅವರ ಕೆಲಸ ಶುರುವಾಗುವುದೇ ಇಲ್ಲ. ಇವನು ಒದರಲಿಲ್ಲ. ಮೈಕಿನ ತಲೆಯನ್ನು ಬೆರಳಿನಿಂದ ಟಕ್ ಟಕ್ ಎಂದು ಬಡಿದ. ದನಿ ಏರಿಳಿಸುವ ಮಿಕ್ಸರ್ ಹತ್ತಿರ ಹೋಗಿ ಏನೋ ತಿರುಗಿಸಿದ, ವಾಪಸು ಬಂದು ಮತ್ತೆ ಬಡಿದ. ಆ ಬೆನ್ನು, ಸ್ವಲ್ಪ ಎಡಕ್ಕೆ ವಾಲಿದ ಆ ಕತ್ತು ನನಗೆ ಗೊತ್ತಿತ್ತು.

ಕೈಯಲ್ಲಿದ್ದ ಕಾಫಿ ಲೋಟ ಕೆಳಗಿಟ್ಟೆ. ಅವನು ಚನ್ನೇಶ, 'ಮೂರನೇ ಪಾಳಿ' ಬ್ಯಾಂಡಿನ ಚನ್ನೇಶ. ಒಂದು ಕಾಲಕ್ಕೆ ಇದೇ ಊರಿನ ಮೈದಾನದಲ್ಲಿ ಅವನು ಬಾಯಿ ತೆರೆದರೆ ರಸ್ತೆಯಲ್ಲಿ ಹೋಗುವವರು ಸ್ಕೂಟರ್ ನಿಲ್ಲಿಸಿ ಕೇಳುತ್ತಿದ್ದರು.

ನಾನಾಗ ಬಿ.ಕಾಂ. ಕೊನೆಯ ವರ್ಷದಲ್ಲಿದ್ದೆ. ಅಪ್ಪನದು ಇದೇ ಊರಿನಲ್ಲಿ ಕಾಳುಕಡಿ ವ್ಯಾಪಾರ. ಮನೆಯಲ್ಲಿ ಯಾವುದಕ್ಕೂ ಕೊರತೆ ಇರಲಿಲ್ಲ, ಯಾವುದರಲ್ಲೂ ರುಚಿಯೂ ಇರಲಿಲ್ಲ. ಓದು ಮುಗಿದ ಕೂಡಲೇ ಮದುವೆ ಎಂಬುದು ನಾನು ಹುಟ್ಟುವ ಮೊದಲೇ ಖಾತ್ರಿಯಾದಂತಿತ್ತು. ಅಂಥ ದಿನಗಳಲ್ಲಿ ನನ್ನ ಗೆಳತಿ ನೇತ್ರಾ, ವಿದ್ಯಾನಗರದ ಹಾಸ್ಟೆಲಿನಲ್ಲಿದ್ದವಳು, ಒಂದು ಸಂಜೆ ಗಣಪತಿ ಪೆಂಡಾಲಿಗೆ ಎಳೆದುಕೊಂಡು ಹೋದಳು. "ನಮ್ಮೂರ ಹುಡುಗ ಹಾಡ್ತಾನೆ ಬಾರೇ, ಕಡರನಾಯಕನಹಳ್ಳಿಯವ. ಸಣ್ಣವನಿದ್ದಾಗ ನಮ್ಮನೆ ಮುಂದೇ ಭಜನಿ ಮಾಡ್ತಿದ್ದ," ಅಂದಳು. ನಮ್ಮ ಕಡೆ ಗಣಪತಿ ಎಂದರೆ ಆರ್ಕೆಸ್ಟ್ರಾ, ಆರ್ಕೆಸ್ಟ್ರಾ ಎಂದರೆ ಸಿನಿಮಾ ಹಾಡು. ನಾನೂ ಅದನ್ನೇ ಅಂದುಕೊಂಡು ಜಿಟಿಜಿಟಿ ಮಳೆಯಲ್ಲಿ ಮೂಗು ಮುರಿಯುತ್ತ ಹೋದೆ.

ವೇದಿಕೆಗೆ ಬಂದವರು ನಾಲ್ಕು ಜನ ಹುಡುಗರು. ಗಿಟಾರ್ ಹಿಡಿದವನು ಹರಿಹರದ ರಿಯಾಜ್. ಅವನ ಅಜ್ಜ ದಾವಣಗೆರೆಯ ಹತ್ತಿ ಗಿರಣಿಯೊಂದರಲ್ಲಿ ಮೂರನೇ ಪಾಳಿಗೆ ಹೋಗುತ್ತಿದ್ದನಂತೆ. ಗಿರಣಿ ಮುಚ್ಚಿ ಎಷ್ಟೋ ವರ್ಷವಾದ ಮೇಲೂ ಆ ಮುದುಕ ಪಾಳಿಯ ಹೊತ್ತಿಗೆ ಎದ್ದು ಅಂಗಿ ಹಾಕಿಕೊಂಡು ಹಾಸಿಗೆಯ ಮೇಲೆ ಕೂರುತ್ತಿದ್ದನಂತೆ. ಬ್ಯಾಂಡಿನ ಹೆಸರು ಅಲ್ಲಿಂದ ಬಂದಿದ್ದು, ಅವರ ದೊಡ್ಡ ಹಾಡು 'ಸೈರನ್' ಕೂಡ. ಹಾಡಿನ ತುಂಬ ನಾವು ಮನೆಯಲ್ಲಿ ಆಡುವ ಮಾತೇ. ಕೊನೆಗೆ ಮಾತು ನಿಂತು ಚನ್ನೇಶ, ಪಾಳಿಗೆ ಕರೆಯುವ ಗಿರಣಿಯ ಹಾಗೆ, ಸೈರನ್ ಕೂಗುತ್ತಿದ್ದ. ಬರೀ ದನಿ. ತಗ್ಗಿನಲ್ಲಿ ಹಿಡಿದು ಮೆಲ್ಲಗೆ ಮೇಲೆ ಏರಿಸಿ, ಅಲ್ಲಿ ನಿಲ್ಲಿಸಿ, ಇನ್ನು ಇವನ ಉಸಿರು ಮುಗಿಯಿತು ಅನ್ನುವಾಗಲೂ ನಿಲ್ಲಿಸಿಯೇ ಇದ್ದು, ಆಮೇಲೆ ಇಳಿಸುತ್ತಿದ್ದ. ಪೆಂಡಾಲಿನ ಪಕ್ಕದ ಕಟ್ಟೆಯ ಮೇಲೆ ಕೂತಿದ್ದ ಒಬ್ಬ ಅಜ್ಜ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದುಕೊಂಡ. ನನಗೆ ಅಳು ಬಂತು. ಸಂತೋಷಕ್ಕೋ ದುಃಖಕ್ಕೋ ಎಂದು ಕೇಳಿದರೆ ಈಗಲೂ ಹೇಳಲಾರೆ.

ಆಮೇಲೆ ನನಗೆ ಹುಚ್ಚೇ ಹಿಡಿಯಿತು. ರಾಣೆಬೆನ್ನೂರು, ಹಾವೇರಿ, ಚಿತ್ರದುರ್ಗ, ಶಿವಮೊಗ್ಗ, ಮೂರನೇ ಪಾಳಿ ಎಲ್ಲಿ ಹಾಡಿದರೆ ಅಲ್ಲಿ ನಾನು ಮತ್ತು ನೇತ್ರಾ ಹಾಜರು. ಸರ್ಕಾರಿ ಬಸ್ಸಿನ ಕಿಟಕಿ ಪಕ್ಕ ಕೂತು ಮಂಡಕ್ಕಿ ಮೆಣಸಿನಕಾಯಿ ತಿನ್ನುತ್ತ ಹೋಗುವುದು, ಮುಂದಿನ ಸಾಲಿನಲ್ಲಿ ನಿಂತು ಕೂಗುವುದು, ಮನೆಗೆ ಬಂದು ಕಂಬೈಂಡ್ ಸ್ಟಡಿ ಎಂದು ಸುಳ್ಳು ಹೇಳುವುದು. ಅವ್ವ ನಂಬಿದಂತೆ ಇದ್ದಳು. "ಅದೇನು ಓದ್ತೀಯೋ ತಾಯಿ, ಓದ್ಕಂಡು ಬಂದಾಗೆಲ್ಲ ಗಂಟಲು ಕಟ್ಟಿರ್ತೈತೆ ನಿಂದು," ಎಂದು ಅರಿಶಿನದ ಹಾಲು ಕಾಯಿಸಿ ಕೊಡುತ್ತಿದ್ದಳು.

ಎಲ್ಲ ಊರಲ್ಲೂ ಮುಂದಿನ ಸಾಲಿನಲ್ಲಿ ಹೆಚ್ಚುಕಡಿಮೆ ಅವೇ ಮುಖಗಳು. ಒಬ್ಬ ಮೆಡಿಕಲ್ ಶಾಪಿನವನು, ಪಾಲಿಟೆಕ್ನಿಕ್ ಹುಡುಗರ ಒಂದು ಗುಂಪು, ಹೊನ್ನಾಳಿ ಕಡೆಯ ಒಬ್ಬ ಪ್ರೈಮರಿ ಶಾಲೆ ಮೇಷ್ಟ್ರು. ಮಾತಿಲ್ಲದೆಯೇ ನೆಂಟರಾಗಿಬಿಟ್ಟಿದ್ದೆವು. ನಮ್ಮ ಮೂಗಿನ ನೇರಕ್ಕೆ ವೇದಿಕೆಯ ಅಂಚಿನಲ್ಲಿ ಒಂದು ಸ್ಪೀಕರ್ ಡಬ್ಬಿ, ನಮಗೆ ಬೆನ್ನು ಮಾಡಿಕೊಂಡು, ಚನ್ನೇಶನ ಕಡೆ ಮುಖ ಮಾಡಿಕೊಂಡು ಇರುತ್ತಿತ್ತು. ನನ್ನದು ಮೊದಲಿಂದಲೂ ಎಲ್ಲದಕ್ಕೂ ಮೂಗು ತೂರಿಸುವ ಸ್ವಭಾವ. ರಾಣೆಬೆನ್ನೂರಿನಲ್ಲಿ ಕಾರ್ಯಕ್ರಮಕ್ಕೆ ಮುಂಚೆ ರಿಯಾಜ್‌ನನ್ನು ಕೇಳಿಯೇಬಿಟ್ಟೆ, "ಇದ್ಯಾಕ್ರಿ ಈ ಡಬ್ಬಿ ಉಲ್ಟಾ ಇಟ್ಟೀರಿ?"

"ಅದು ಮಾನಿಟರ್ ಅಂತ. ಉಲ್ಟಾ ಅಲ್ಲ, ಅದು ಇರಾದೇ ಹಂಗೆ," ಎಂದು ನಕ್ಕ. "ದೊಡ್ಡ ಬಾಕ್ಸ್ ನಿಮ್ಮ ಕಡೆ ಇರ್ತಾವಲ್ಲ, ಅದ್ರಾಗೆ ಬರೋದು ಇವನಿಗೆ ಕೇಳಂಗಿಲ್ಲ. ಇವನ ದನಿ ಇವನಿಗೆ ಕೇಳ್ಳಿ ಅಂತ ಇದು."

ಹಾಡುವವನಿಗೆ ತನ್ನ ದನಿ ತನಗೇ ಕೇಳದೆ ಇರುತ್ತದೆಯೇ ಎಂದು ನಾನು ನೇತ್ರಾಳ ಹತ್ತಿರ ಆಡಿಕೊಂಡೆ.

ದಸರೆ ಕಳೆದ ಮೇಲೆ ಹಾವೇರಿಯಲ್ಲಿ ಮೊದಲ ಸಲ ಅದು ನಡೆಯಿತು. ಸೈರನ್ ಮೇಲೆ ಏರುತ್ತಿತ್ತು, ಅರ್ಧದಲ್ಲಿ ಚನ್ನೇಶನಿಗೆ ಕೆಮ್ಮು ಬಂತು. ಅವನು ಮೈಕನ್ನು ಬಾಯಿಂದ ಸರಿಸಿ ನಮ್ಮ ಕಡೆ ತಿರುಗಿಸಿದ. ಮುಂದಿನ ಸಾಲಿನವರೆಲ್ಲ ಒಂದೇ ಉಸಿರಿಗೆ ಎತ್ತಿಕೊಂಡೆವು. ಅವನು ಬಿಟ್ಟ ಕಡೆಯಿಂದಲೇ ಹಿಡಿದು, ಏರಿಸಿ, ನಿಲ್ಲಿಸಿ, ಇಳಿಸಿದೆವು. ಆ ಸಂತೋಷವನ್ನು ನಾನು ಹೇಗೆ ವರ್ಣಿಸಲಿ? ಅಲ್ಲಿಯವರೆಗೆ ಕೇಳುವವಳಾಗಿದ್ದ ನಾನು ಹಾಡಿನ ಒಳಗೇ ಹೋಗಿಬಿಟ್ಟಿದ್ದೆ. ಚನ್ನೇಶ ಕೈಮುಗಿದ. ವಾಪಸು ಬರುವ ಬಸ್ಸಿನಲ್ಲಿ ನೇತ್ರಾ ಕಣ್ಣೊರೆಸಿಕೊಳ್ಳುತ್ತ, "ನಮ್ಮನ್ನ ನಂಬಿ ಕೊಟ್ಟ ನೋಡೇ," ಅಂದಳು.

ಮುಂದಿನ ಊರಿನಿಂದ ಅದು ಪದ್ಧತಿಯಾಯಿತು. ಅವನು ಮೈಕ್ ತಿರುಗಿಸುವವರೆಗೂ ನಾವು ಕಾಯುತ್ತಿರಲಿಲ್ಲ. ಅವನ ಉಸಿರು ಸ್ವಲ್ಪ ಸಣ್ಣದಾದರೆ ಸಾಕು, ನಾವು ತಯಾರು. ಕೆಲವು ದಿನಗಳಲ್ಲಿ ಸೈರನ್ ಒಂದೇ ಅಲ್ಲ, ಅವನು ಎಲ್ಲೆಲ್ಲಿ ಮೇಲೆ ಹೋಗಬೇಕೋ ಅಲ್ಲೆಲ್ಲ ನಾವೇ ಮೊದಲು ಹೋಗಿ ನಿಂತಿರುತ್ತಿದ್ದೆವು. ಇದನ್ನು ನಮಗೆ ಯಾರೂ ಕಲಿಸಬೇಕಾಗಿರಲಿಲ್ಲ. ನಮ್ಮೂರುಗಳಲ್ಲಿ ಮಠದ ಕಟ್ಟೆಯ ಮೇಲೆ ಸೋಮವಾರದ ಭಜನೆ ಕೇಳಿ ಬೆಳೆದ ಮಕ್ಕಳಿಗೆಲ್ಲ ಅದು ಗೊತ್ತು. ಮುಂದಿನವನು ಸಾಲು ಬಿಡುತ್ತಾನೆ, ಹಿಂದಿನವರು ಎತ್ತಿಕೊಳ್ಳುತ್ತಾರೆ. ದನಿ ನೆಲಕ್ಕೆ ಬೀಳಬಾರದು.

ಅಪ್ಪನಿಗೆ ವಿಷಯ ಗೊತ್ತಾದದ್ದು ಚಿತ್ರದುರ್ಗದ ಕಾರ್ಯಕ್ರಮದ ಹಿಂದಿನ ದಿನ. ಬೈಗುಳ ಬೀಳುತ್ತದೆ ಎಂದು ತಲೆ ತಗ್ಗಿಸಿ ನಿಂತಿದ್ದೆ. ಅಪ್ಪ ಬೈಯಲಿಲ್ಲ, ತಾನೇ ಕಾರಿನಲ್ಲಿ ಕರೆದುಕೊಂಡು ಬಂದ. ಹಿಂದೆ ಎಲ್ಲೋ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕಿವಿಗೆ ಹತ್ತಿ ಇಟ್ಟುಕೊಂಡು ಕೂತಿದ್ದ. ಮುಗಿದ ಮೇಲೆ ಹೇಗಿತ್ತೋ ಏನೋ ಎಂದು ಅಂಜುತ್ತ ಮುಖ ನೋಡಿದೆ. ಅಪ್ಪ ಮಠದ ಭಜನೆಯಲ್ಲಿ ತಾಳ ಹಿಡಿಯುವವನು, ಸುಮ್ಮಸುಮ್ಮನೆ ಯಾರನ್ನೂ ಹೊಗಳುವವನಲ್ಲ.

"ಆ ಗದ್ದಲ ನಂಗೇನ್ ತಿಳೀಲಿಲ್ಲವ್ವ," ಅಂದ. "ಆದ್ರೆ ನೀವು ಹಿಂದಿನೋರು ಅದೀರಲ್ಲ, ಭೇಷ್. ಮುಂದಿನವನಿಗೆ ಉಸಿರು ಸಾಲದಿದ್ರೆ ಹಿಂದಿನೋರು ಹಂಗೆ ಹಿಡ್ಕೋಬೇಕು. ಹಿಡ್ಕಂಡ್ರಿ."

ಅಪ್ಪನ ಬಾಯಿಂದ ಭೇಷ್ ಬಂದ ಮೇಲೆ ನಮ್ಮನ್ನು ಹಿಡಿಯುವವರು ಯಾರು?

ಚಳಿ ಶುರುವಾಯಿತು. ಕಾಲೇಜುಗಳ ಹಬ್ಬಗಳೆಲ್ಲ ಸಾಲಾಗಿ ಬಂದವು. ಚನ್ನೇಶ ಸೊರಗಿದ್ದ, ಕುತ್ತಿಗೆಗೆ ಒಂದು ಬೂದುಬಣ್ಣದ ಮಫ್ಲರ್ ಸುತ್ತಿಕೊಂಡು ಬರತೊಡಗಿದ. ಅದು ಅವನ ಹೊಸ ಸ್ಟೈಲ್ ಎಂದುಕೊಂಡು ನಾವೂ ಅದೇ ಬಣ್ಣದ ಮಫ್ಲರ್ ಹುಡುಕಿ ತಂದು ಸುತ್ತಿಕೊಂಡೆವು. ಶಿವಮೊಗ್ಗದಲ್ಲಿ ಮುಂದಿನ ಸಾಲಿನ ತುಂಬ ಬೂದು ಮಫ್ಲರುಗಳು. ಅವನು ನೋಡಿ ನಕ್ಕ. ಹಾಡುಗಳ ನಡುವೆ ಮೊದಲಿನ ಹಾಗೆ ಮಾತಾಡುತ್ತಿರಲಿಲ್ಲ, ಕಾರ್ಯಕ್ರಮ ಮುಗಿದ ಮೇಲೆ ನಿಂತು ಯಾರನ್ನೂ ಮಾತಾಡಿಸುತ್ತಲೂ ಇರಲಿಲ್ಲ. ಸ್ವಲ್ಪ ಹೆಸರು ಬಂತಲ್ಲ, ಸೊಕ್ಕು ಬಂದಿದೆ ಎಂದು ಪಾಲಿಟೆಕ್ನಿಕ್ ಹುಡುಗರು ಆಡಿಕೊಂಡರು. ನಾನು ಅವರ ಮೇಲೆ ಜಗಳಕ್ಕೆ ಹೋದೆ. ಅವನ ಪರವಾಗಿ ಜಗಳ ಮಾಡುವುದರಲ್ಲಿ ನಾನು ಯಾವತ್ತೂ ಹಿಂದೆ ಬಿದ್ದವಳಲ್ಲ.

ಸಂಕ್ರಾಂತಿಗೆ ನೇತ್ರಾ ತನ್ನ ಊರಿಗೆ ಕರೆದುಕೊಂಡು ಹೋದಳು. ಕಡರನಾಯಕನಹಳ್ಳಿಯಲ್ಲಿ ಭತ್ತದ ಕೊಯ್ಲು ಮುಗಿದು ಎಲ್ಲರ ಹಿತ್ತಿಲಲ್ಲೂ ಹುಲ್ಲಿನ ಬಣವೆ ಎದ್ದಿತ್ತು. ಸಂಜೆ ಎಳ್ಳು ಕೊಡುವ ನೆಪದಲ್ಲಿ ಚನ್ನೇಶನ ಮನೆಗೆ ಹೋದೆವು. ಅವನು ಹರಿಹರದಲ್ಲಿದ್ದ. ನಮಗೆ ಅವನು ಉಂಡ ಮನೆ, ಅವನು ಹತ್ತಿದ ಕಟ್ಟೆ ನೋಡಿದರೂ ಸಾಕಾಗಿತ್ತು. ಅವನ ತಾಯಿ ಗಂಗವ್ವ ಕಂಬಳಿ ಹಾಸಿ ಕೂರಿಸಿದರು.

"ನೀವೂ ಅವನ ಹಿಂದೆ ಊರೂರು ತಿರುಗೋರಾ?" ಎಂದು ನನ್ನನ್ನು ಕೇಳಿದರು.

"ಹೌದ್ರಿ ದೊಡ್ಡಮ್ಮ."

"ಅವ ಅಲ್ಲಿ ಹಾಡ್ತಾನಾ?"

ನಮಗೆ ನಗು ಬಂತು. "ಅದೇನ್ರಿ ಹಂಗೆ ಕೇಳ್ತೀರಿ?" ಅಂದೆ.

"ಅಲ್ಲವ್ವ, ಮನ್ಯಾಗೆ ಮಾತೇ ಆಡಂಗಿಲ್ಲ. ಅನ್ನ ಬೇಕಂದ್ರೂ ಕೈ ಮಾಡಿ ತೋರಿಸ್ತಾನೆ. ಬಿಸಿನೀರು ಕುಡೀತಾನೆ, ಮಕ್ಕೊಂತಾನೆ. ದೊಡ್ಡ ಮನುಷ್ಯ ಆಗ್ಯಾನೆ, ಅವ್ವನ ಕೂಡ ಮಾತಾಡಾಕೆ ಪುರುಸೊತ್ತಿಲ್ಲ ಅಂದ್ಕಂಡಿದ್ದೆ. ಹೆಂಗೆ ಹಾಡ್ತಾನೆ, ಒಂದೀಟು ಕೇಳ್ಸು."

ನಾನು ಫೋನಿನಲ್ಲಿ ಶಿವಮೊಗ್ಗದ ವಿಡಿಯೋ ಹಾಕಿ ಕೊಟ್ಟೆ. ಗಂಗವ್ವ ಪರದೆ ನೋಡಲಿಲ್ಲ. ಯಾರೋ ಫೋನ್ ಮಾಡಿದ್ದಾರೆ ಎಂಬಂತೆ ಅದನ್ನು ಕಿವಿಗೆ ಒತ್ತಿ ಹಿಡಿದು ಕಣ್ಣು ಮುಚ್ಚಿಕೊಂಡರು. ಸೈರನ್ ಬಂತು, ಏರಿತು, ಇಳಿಯಿತು. ಅವರು ಕಣ್ಣು ಬಿಟ್ಟರು.

"ಇದ್ರಾಗೆ ನಮ್ಮ ಚನ್ನೇಶನ ದನಿ ಎಲ್ಲೈತೆ?"

"ಅದೇ ರೀ, ಈಗ ಕೇಳಿದ್ರಲ್ಲ."

"ಅದು ನೀವು," ಎಂದು ಫೋನನ್ನು ನನ್ನ ಕೈಗೆ ವಾಪಸು ಕೊಟ್ಟರು. "ಹೆಣ್ಣುಮಕ್ಕಳ ದನಿ ಐತೆ, ಗಂಡಸರ ದನಿ ಐತೆ. ನನ್ನ ಮಗ ಇಲ್ಲ ಅದ್ರಾಗೆ."

ನೇತ್ರಾಳ ಮನೆಯ ಜಗುಲಿಯಲ್ಲಿ ಕೂತು ಆ ಸಂಜೆ ಇದ್ದಬದ್ದ ವಿಡಿಯೋಗಳನ್ನೆಲ್ಲ ಒಂದಾದಮೇಲೊಂದು ಕೇಳಿದೆವು. ರಾಣೆಬೆನ್ನೂರಿನಲ್ಲಿ ಅವನು ಪೂರ್ತಿ ಇದ್ದ. ಹಾವೇರಿಯಲ್ಲಿ ಅರ್ಧ. ಚಿತ್ರದುರ್ಗದಲ್ಲಿ ಅವನನ್ನು ಹುಡುಕಬೇಕಾಯಿತು. ಶಿವಮೊಗ್ಗಕ್ಕೆ ಬರುವ ಹೊತ್ತಿಗೆ ಸಾಲಿನ ಮೊದಲ ಮಾತಷ್ಟೇ ಅವನದು, ಉಳಿದದ್ದೆಲ್ಲ ನಮ್ಮದು. ಅಷ್ಟು ಹತ್ತಿರ ನಿಂತು, ಅಷ್ಟು ಪ್ರೀತಿಯಿಂದ ಕೇಳಿದ ನಮಗೆ ಇದು ಗೊತ್ತಾಗಿರಲಿಲ್ಲ. ನಾವು ಕೇಳಿದ್ದೆಲ್ಲಿ, ಕೂಗಿದ್ದಷ್ಟೇ. ನೇತ್ರಾ ಎಳ್ಳಿನ ಪೊಟ್ಟಣ ಕೈಯಲ್ಲಿ ಹಿಡಿದುಕೊಂಡೇ ಕೂತಿದ್ದಳು.

ಮರುದಿನವೇ ಹರಿಹರಕ್ಕೆ ಹೋದೆವು. ರಿಯಾಜನ ಮಾವನ ವೆಲ್ಡಿಂಗ್ ಶೆಡ್ಡಿನ ಹಿಂದಿನ ಕೋಣೆಯಲ್ಲಿ ಅವರು ಪ್ರಾಕ್ಟೀಸ್ ಮಾಡುತ್ತಿದ್ದರು. ಹೇಗೆ ಹೇಳುವುದೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಅಲ್ಲಿ ಬರೀ ಫೋನು ಮತ್ತು ಇಯರ್‌ಫೋನನ್ನು ಚನ್ನೇಶನ ಕೈಗೆ ಕೊಟ್ಟೆ. ಅವನು ಗೋಡೆಗೆ ಒರಗಿ ಕೇಳಿದ. ಮುಗಿದ ಮೇಲೆ ಮತ್ತೆ ಮೊದಲಿಂದ ಹಾಕಿ ಕೇಳಿದ. ಆಮೇಲೆ ನನ್ನ ಮುಖ ನೋಡಿ ಹೇಳಿದ, "ಎಷ್ಟು ಚಂದ ಹಾಡ್ತೀರಿ ನೀವು."

ಅಷ್ಟು ತಿಂಗಳಲ್ಲಿ ಅವನ ಮಾತನ್ನು ಅಷ್ಟು ಹತ್ತಿರದಿಂದ ಕೇಳಿದ್ದು ಅದೇ ಮೊದಲು. ಬರಿಯ ಗಾಳಿ ಗೀರಿದ ಹಾಗಿತ್ತು.

"ಧೂಳಿಗೆ ಗಂಟಲು ಕೆಟ್ಟೈತೆ ಅಂದ್ಕಂಡಿದ್ದೆ," ಎಂದು ಅವನೇ ಮುಂದುವರಿಸಿದ. "ಕೆಳಗಿಳಿದ್ ಮ್ಯಾಲೆ ನೋಯ್ತಿತ್ತು. ಆದ್ರೆ ಸ್ಟೇಜ್ ಮ್ಯಾಲೆ ಇದ್ದಾಗ ಸೈರನ್ ಪೂರಾ ಕೇಳ್ತಿತ್ತಲ್ಲ, ಅದ್ರಾಗೆ ನಂದೂ ಐತೆ ಅಂದ್ಕಂಡೆ. ಮಾನಿಟರ್‌ನಾಗೆ ಏನೂ ಕೇಳ್ತಿರ್ಲಿಲ್ಲ, ಡಬ್ಬಿ ಕೆಟ್ಟೈತೇನೋ ಅಂತ ಇವನಿಗೆ ಬೈದೆ."

ರಿಯಾಜ್ ಗಿಟಾರಿನ ತಂತಿ ಒರೆಸುತ್ತ ತಲೆ ಎತ್ತಲಿಲ್ಲ. "ನಾನು ಹೊಸಾ ಡಬ್ಬಿ ತಂದೆ," ಅಂದ. "ಅದ್ರಾಗೂ ಕೇಳ್ತಿಲ್ಲ ಅಂದ."

ಡಾಕ್ಟರ ಹತ್ತಿರ ಹೋಗಿ ಎಂದು ನೇತ್ರಾ ಅತ್ತುಕೊಂಡು ಹೇಳಿದಳು. ಹೋಗುತ್ತೇನೆ, ಹರಿಹರದ ಕಾರ್ಯಕ್ರಮ ಒಂದು ಮುಗಿಯಲಿ ಅಂದ. ಅದು ಅವನ ಸ್ವಂತ ತಾಲ್ಲೂಕಿನಲ್ಲಿ ನಡೆಯುವ ಮೊದಲ ಕಾರ್ಯಕ್ರಮ. ಅಲ್ಲಿಯವರೆಗೆ ಬಾಯಿ ಮುಚ್ಚಿಕೊಂಡಿದ್ದರೆ ದನಿ ಕೂಡಿಬರಬಹುದು ಎಂದು ಅವನೂ ನಂಬಿದ, ನಾವೂ ನಂಬಿದೆವು. ನಂಬಿಕೆ ಒಂದನ್ನು ಬಿಟ್ಟು ನಮ್ಮ ಹತ್ತಿರ ಬೇರೇನಿತ್ತು?

ಶಿವರಾತ್ರಿ ಹತ್ತಿರ ಬಂದಿತ್ತು. ತುಂಗಭದ್ರೆ ಸೊರಗಿ ಬಂಡೆಗಳು ಮೇಲೆ ಕಾಣುತ್ತಿದ್ದವು. ಹೊಳೆಯ ಕಡೆಯಿಂದ ಗಾಳಿ ಬಂದರೂ ಅದರಲ್ಲಿ ತಂಪಿರಲಿಲ್ಲ. ಮೈದಾನದ ತುಂಬ ಜನ. ಗಂಗವ್ವ ತಲೆಯ ಮೇಲೆ ಸೆರಗು ಹೊದ್ದು ಮುಂದಿನ ಕುರ್ಚಿಯಲ್ಲಿ ಕೂತಿದ್ದರು. ನಾನೂ ನೇತ್ರಾಳೂ ನಮ್ಮ ಎಂದಿನ ಜಾಗದಲ್ಲಿ, ಆ ಡಬ್ಬಿಯ ಬೆನ್ನಿಗೆ ನಿಂತಿದ್ದೆವು. ಚನ್ನೇಶ ಮಫ್ಲರ್ ಬಿಚ್ಚಿ ಬಂದಿದ್ದ. ಬೇರೆ ಹಾಡುಗಳನ್ನೆಲ್ಲ ರಿಯಾಜನೇ ಹಾಡಿ ಮುಗಿಸಿದ. ಜನ ಸ್ವಲ್ಪ ಗೊಣಗಿದರು. ಕೊನೆಗೆ ಚನ್ನೇಶ ಮೈಕಿನ ಮುಂದೆ ಬಂದ.

"ಇವತ್ತು ಸೈರನ್ ನಾನೊಬ್ಬನೇ ಕೂಗ್ತೀನಿ," ಅಂದ. "ಯಾರೂ ಎತ್ಕೋಬ್ಯಾಡ್ರಿ. ಕೈ ಮುಗೀತೀನಿ."

ಜನ ಶಿಳ್ಳೆ ಹೊಡೆದು ಆಮೇಲೆ ಸುಮ್ಮನಾದರು. ಅಷ್ಟು ದೊಡ್ಡ ಮೈದಾನ ಅಷ್ಟು ಸುಮ್ಮನಾದದ್ದನ್ನು ನಾನು ಆಮೇಲೆ ಎಲ್ಲಿಯೂ ಕಂಡಿಲ್ಲ. ಅವನು ತಗ್ಗಿನಲ್ಲಿ ಹಿಡಿದ. ದನಿ ಬಂತು. ಒರಟಾಗಿತ್ತು, ಆದರೆ ಅವನದೇ ದನಿ. ನೇತ್ರಾ ನನ್ನ ಕೈ ಹಿಚುಕಿದಳು. ಮೆಲ್ಲಗೆ ಏರಿಸಿದ, ಇನ್ನೊಂದು ಮೆಟ್ಟಿಲು ಏರಿಸಿದ, ಅಲ್ಲಿ ಅದು ಸೀಳಿತು. ಆಮೇಲೆ ಬಂದದ್ದು ಬರೀ ಉಸಿರು. ದೊಡ್ಡ ಬಾಕ್ಸುಗಳಲ್ಲಿ ಆ ಉಸಿರು ಮೈದಾನದ ತುದಿಯವರೆಗೂ ಕೇಳಿತು. ಅವನು ನಿಲ್ಲಿಸಲಿಲ್ಲ, ಕತ್ತಿನ ನರ ಉಬ್ಬಿಸಿ ಆ ಉಸಿರನ್ನೇ ಮೇಲಕ್ಕೆ ತಳ್ಳುತ್ತಿದ್ದ.

ಹಿಂದಿನಿಂದ ಯಾರೋ ತಡೆಯಲಾರದೆ ಎತ್ತಿಕೊಂಡರು. ಒಬ್ಬರು, ಅವರ ಪಕ್ಕದವರು, ಆಮೇಲೆ ಇಡೀ ಮೈದಾನ. ಚನ್ನೇಶ ಬೇಡ ಬೇಡ ಎಂದು ಕೈ ಎತ್ತಿದ. ಇನ್ನೂ ಜೋರಾಗಿ ಎಂದು ಹೇಳುತ್ತಿದ್ದಾನೆ ಅಂದುಕೊಂಡರು ಜನ. ನಾನು ಹಿಂದೆ ತಿರುಗಿ "ಬ್ಯಾಡ್ರೀ, ಸುಮ್ನಿರ್ರೀ" ಎಂದು ಕಿರುಚಿದೆ. ಆ ಸೈರನ್ನಿನಲ್ಲಿ ನನ್ನ ಕಿರುಚಾಟವೂ ಸೇರಿಹೋಯಿತು. ಚನ್ನೇಶ ಬಾಯಿ ಮುಚ್ಚಿಕೊಂಡು ಮೈಕ್ ಹಿಡಿದು ನಿಂತಿದ್ದ, ಸೈರನ್ ಮಾತ್ರ ಎಲ್ಲಿಯೂ ಬೀಳದೆ ಏರಿ, ನಿಂತು, ಇಳಿಯಿತು. ಮೂರನೇ ಪಾಳಿಯವರು ಇಷ್ಟು ಚೆನ್ನಾಗಿ ಯಾವತ್ತೂ ಹಾಡಿರಲಿಲ್ಲ ಎಂದು ಹೇಳಿಕೊಳ್ಳುತ್ತ ಜನ ಮನೆಗೆ ಹೋದರು. ಗಂಗವ್ವ ಕುರ್ಚಿಯಿಂದ ಏಳಲಿಲ್ಲ. ಚನ್ನೇಶ ಇಳಿದು ಬಂದು ಅವರ ಕಾಲ ಬಳಿ ನೆಲದ ಮೇಲೆ ಕೂತ.

ದಾವಣಗೆರೆಯ ಡಾಕ್ಟರು ದನಿಯ ಎಳೆಯಲ್ಲಿ ಗಂಟು ಇದೆ ಅಂದರು. ಗಾಯ ಮಾಯುವ ಮೊದಲೇ ಮತ್ತೆ ಮತ್ತೆ ಹರಿದು ಕಲ್ಲಾಗಿದೆ ಅಂದರು. ಮೊದಲ ಸಲ ಕೆಮ್ಮು ಬಂದಾಗಲೇ ಬಂದು ಒಂದಷ್ಟು ದಿನ ಮೌನವಾಗಿದ್ದಿದ್ದರೆ ಸಾಕಿತ್ತಂತೆ. ಆಪರೇಷನ್ ಆಯಿತು, ದನಿ ಬರಲಿಲ್ಲ, ಪಿಸುಮಾತು ಉಳಿಯಿತು. ಬ್ಯಾಂಡು ಒಡೆಯಿತು, ರಿಯಾಜ್ ಪುಣೆಗೆ ಹೋದ. ವಿಷಯ ಕೇಳಿದ ಅಪ್ಪ, "ಭೇಷ್ ಅಂದಿದ್ದೆನಲ್ಲೇ ನಾನು," ಎಂದಷ್ಟೇ ಹೇಳಿ ಆ ಸೋಮವಾರ ಭಜನೆಗೆ ಹೋಗಲಿಲ್ಲ. ಬೇಸಿಗೆಯಲ್ಲಿ ನನ್ನ ಪರೀಕ್ಷೆ ಮುಗಿಯಿತು, ಮದುವೆಯೂ ಆಯಿತು. ಮಫ್ಲರನ್ನು ಏನು ಮಾಡಿದೆನೋ ನೆನಪಿಲ್ಲ.

ನಿಶ್ಚಿತಾರ್ಥದ ದಿನ ಗಂಡಿನ ಕಡೆಯವರು ಬಂದು ಕೂತ ಮೇಲೆ ಚಿಕ್ಕಮ್ಮ ನನ್ನ ಬೆನ್ನು ಹತ್ತಿದರು. "ಒಂದು ಪ್ರಾರ್ಥನಿ ಹೇಳವ್ವ, ಯಾರೂ ಏಳವಲ್ರು." ನಾನು ಗುಂಪಿನಲ್ಲಿ ಕೂಗುವವಳೇ ಹೊರತು ಹಾಡುವವಳಲ್ಲ ಎಂದರೂ ಬಿಡಲಿಲ್ಲ. ವೇದಿಕೆ ಹತ್ತಿದೆ. ಚನ್ನೇಶ ಬಂದು ಮೈಕನ್ನು ನನ್ನ ಎತ್ತರಕ್ಕೆ ಇಳಿಸಿದ. ಆಮೇಲೆ ಮೂಲೆಯಿಂದ ಒಂದು ಸಣ್ಣ ಡಬ್ಬಿಯನ್ನು ಎತ್ತಿಕೊಂಡು ಬಂದು, ಜನರಿಗೆ ಬೆನ್ನು ಮಾಡಿ, ನನ್ನ ಕಾಲ ಬಳಿ ಇಟ್ಟ. ಮದುವೆ ಮನೆಯಲ್ಲಿ ಪ್ರಾರ್ಥನೆ ಹೇಳುವ ಹೆಂಗಸಿಗೆ ಯಾವ ಮೈಕಿನವನೂ ಅದನ್ನು ಇಡುವುದಿಲ್ಲ.

"ಇದ್ಯಾಕ್ರಿ?" ಎಂದು ಕೇಳಿದೆ. ಗೊತ್ತಿದ್ದೂ ಕೇಳಿದೆ.

"ನಿಮ್ಮ ದನಿ ನಿಮಗೆ ಕೇಳ್ಬೇಕ್ರಿ," ಎಂದು ಪಿಸುಗುಟ್ಟಿದ. ನನ್ನ ಗುರುತು ಹಿಡಿದನೋ ಇಲ್ಲವೋ, ಮುಖ ನೋಡದೆ ಮಿಕ್ಸರ್ ಕಡೆಗೆ ಹೋದ.

ಹಾಡಲು ಶುರುಮಾಡಿದೆ. ಡಬ್ಬಿಯಿಂದ ನನ್ನ ದನಿ ನನಗೇ ಬಂತು. ಸಣ್ಣದು, ನಡುಗುವುದು. ಎರಡನೇ ಸಾಲಿಗೆ ಮುಂದಿನ ಕುರ್ಚಿಗಳ ಹೆಂಗಸರೆಲ್ಲ ನಮ್ಮ ಪದ್ಧತಿಯಂತೆ ಎತ್ತಿಕೊಂಡರು. ನಾನು ಬಾಯಿ ಮುಚ್ಚಿಕೊಂಡೆ. ಹಾಡು ನಿಲ್ಲಲಿಲ್ಲ. ಹೆಂಗಸರು ತಲೆದೂಗುತ್ತ, ತಾಳ ಹಾಕುತ್ತ ಅದನ್ನು ಕೊನೆಯವರೆಗೂ ಚಂದವಾಗಿ ತೆಗೆದುಕೊಂಡು ಹೋದರು. ನಾನು ಹಾಡುತ್ತಿಲ್ಲ ಎಂಬುದು ಆ ಮಂಟಪದಲ್ಲಿ ಒಬ್ಬರಿಗೂ ತಿಳಿಯಲಿಲ್ಲ. ಮಿಕ್ಸರ್ ಮುಂದೆ ಕೂತಿದ್ದ ಚನ್ನೇಶನೊಬ್ಬ ತಲೆ ಎತ್ತಿ ನನ್ನ ಕಡೆ ನೋಡಿದ.